ಭದ್ರವಾದ ಜಾಗ

ಬಾಣಂತಿ ಮಗಳಿಗೆ ಚಳಿಯಾಗದಿರಲೆಂದು ತುಂಗಮ್ಮ ಕೋಣೆಯಲ್ಲಿಟ್ಟಿದ್ದ ಕೆಂಡದ ಅಗ್ಗಿಷ್ಟಿಕೆ ಕಂಡಿದ್ದೇ ತಡ, ಯಜಮಾನರು ಹೌಹಾರಿದರು.

"ಬಾಗಿಲು ಹಾಕಿದ ಕೋಣೇಲಿ ಕೆಂಡ ಇಡ್ತಾರೇನೇ? ಮಗೂಗೆ ಉಸಿರು ಕಟ್ಟಲ್ವಾ?"

ಅಗ್ಗಿಷ್ಟಿಕೆಯನ್ನು ತಾವೇ ಅಂಗಳಕ್ಕೆ ಒಯ್ದರು, ಕಿಟಕಿ ತೆರೆದರು, ಒಲೆಯ ಬದಿಯಲ್ಲಿದ್ದ ಇದ್ದಿಲ ಚೀಲವನ್ನೂ ಹಿತ್ತಲಿಗೆ ಸಾಗಿಸಿದರು. ಇಷ್ಟು ವರ್ಷಕ್ಕಾದರೂ ಗಂಡನಿಗೆ ಮನೆಯ ಮೇಲೆ ನಿಗಾ ಬಂತಲ್ಲ ಎಂದು ತುಂಗಮ್ಮನಿಗೆ ಒಳಗೊಳಗೇ ಹಿಗ್ಗು.

"ಅಂದ್ಹಾಗೆ, ಕರೆಂಟು ಕೈಕೊಟ್ರೆ ಇರ್ಲಿ ಅಂತ ತಂದಿದ್ರಲ್ಲ, ಆ ಸೀಮೆಎಣ್ಣೆ ಡಬ್ಬ ಎಲ್ರೀ?"

"ಅದನ್ನ ಆಗ್ಲೇ ಭದ್ರ ಮಾಡಿದೀನಿ ಕಣೆ. ಮಡಿ ಇಲ್ದೆ ಯಾರೂ ಕಾಲಿಡದ ಜಾಗ. ಒಬ್ಬರ ಕೈಗೂ ಸಿಗೋ ಮಾತೇ ಇಲ್ಲ."

"ಎಲ್ಲಿ?"

"ದೇವರ ಮನೇಲಿ, ನಂದಾದೀಪದ ಪಕ್ಕ."