ಅಜ್ಜಿಯ ಕಾರ್ಡು

ಅಜ್ಜಿ ಲಕೋಟೆಯಿಂದ ಕಾರ್ಡು ತೆಗೆದು ನೋಡಿದರು. ಹೊಲಿಗೆ ಯಂತ್ರದ ಪೆಡಲಿನ ಮೇಲಿದ್ದ ಕಾಲು ಹಾಗೇ ನಿಂತಿತು. ಯಾರದೋ ಕೋಟಿನ ತೋಳು ಅರ್ಧ ಹೊಲಿಗೆಯಲ್ಲೇ ಸೂಜಿಯ ಕೆಳಗೆ ಉಳಿಯಿತು.

"ಹೇಗಿದೆ ಅಜ್ಜಿ?" ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳು ಗುಬ್ಬಿ ಕೇಳಿದಳು. "ಎಲ್ಲರದ್ದಕ್ಕಿಂತ ನಿನ್ನ ಕಾರ್ಡಿಗೇ ಜಾಸ್ತಿ ಹೊತ್ತು ಕೂತಿದ್ದೆ, ಗೊತ್ತಾ?"

ಆಮಂತ್ರಣ ಮಾಡುವುದು ಗುಬ್ಬಿಯ ಕಸುಬು. ಅದರಲ್ಲಿ ಅವಳ ಕೈ ಪಳಗಿತ್ತು, ಅದು ಅವಳಿಗೂ ಗೊತ್ತಿತ್ತು. ಒಂದೇ ಕಾರ್ಡನ್ನು ಊರಿಗೆಲ್ಲ ಹಂಚುವುದು ಅವಳಿಗೆ ಒಗ್ಗದು. ಕರೆಯಬೇಕಾದವರ ಬದುಕನ್ನು ನಾಲ್ಕು ಸಾಲಿನಲ್ಲಿ ಎಐಗೆ ವಿವರಿಸಿ, ಒಂದಷ್ಟು ಫೋಟೊ ಕೊಟ್ಟು, ಒಬ್ಬೊಬ್ಬರಿಗೂ ಅವರದೇ ಆದ ಚಿತ್ರ ಬರೆಸುತ್ತಿದ್ದಳು. ಈ ಸಲದ ಮದುವೆ ಅವಳ ಅಮ್ಮನದು. ಕೆಳಗಿನ ಬೇಕರಿಯವರ ಕಾರ್ಡಿನಲ್ಲಿ ಅಮ್ಮನೂ ಅವಳನ್ನು ಮದುವೆಯಾಗಲಿದ್ದ ಈಜುಮೇಷ್ಟ್ರೂ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಒಲೆಯ ಮುಂದೆ ನಿಂತಿದ್ದರು. ಹಲ್ಲಿನ ಡಾಕ್ಟರ ಕಾರ್ಡಿನಲ್ಲಿ ಇಬ್ಬರೂ ಮೂವತ್ತೆರಡು ಹಲ್ಲನ್ನೂ ಬಿಟ್ಟಿದ್ದರು. ಐವತ್ತರ ಹತ್ತಿರ ಈಜು ಕಲಿಯಲು ಹೋದವಳು ಕಲಿಸಿದವರನ್ನೇ ಕಟ್ಟಿಕೊಳ್ಳುತ್ತಿದ್ದಾಳೆಂದು ನೆಂಟರೆಲ್ಲ ನಕ್ಕು, ಬಂದೇ ಬರುತ್ತೇವೆ ಎಂದಿದ್ದರು.

ಅಜ್ಜಿ ಮಾತ್ರ ನಕ್ಕಿರಲಿಲ್ಲ. ಅವರು ಅಮ್ಮನ ತಾಯಿಯಲ್ಲ, ಅತ್ತೆ. ಮಗ ತೀರಿಕೊಂಡ ಮೇಲೂ ಅತ್ತೆ ಸೊಸೆ ಇದೇ ಮಹಡಿಯ ಮನೆಯಲ್ಲಿ ಒಟ್ಟಿಗೇ ಉಳಿದಿದ್ದರು. ಮದುವೆಯ ಸುದ್ದಿ ಹೇಳಿದ ದಿನ ಅಜ್ಜಿ "ಹೂಂ" ಎಂದವರು ಮತ್ತೆ ಆ ಮಾತೆತ್ತಿರಲಿಲ್ಲ. ಮಾತ್ರೆ ಮುಗಿದದ್ದು, ನಲ್ಲಿ ಸೋರುವುದು, ಪಕ್ಕದ ಮನೆಯ ಜಗಳ, ಎಲ್ಲದರ ಬಗ್ಗೆಯೂ ಮಾತು ನಡೆಯುತ್ತಿತ್ತು. ಆ ಒಂದು ವಿಷಯದ ಹತ್ತಿರ ಬಂದೊಡನೆ ಇಬ್ಬರೂ ಸುಮ್ಮನಾಗುತ್ತಿದ್ದರು. ಒಳಗೆ ಯಾರೋ ಮಲಗಿದ್ದಾರೆ ಎಂದು ಹೆಜ್ಜೆ ಸದ್ದು ಮಾಡದೆ ದಾಟುವ ಕೋಣೆಯ ಹಾಗೆ.

"ಅತ್ತೆ ಬರಲ್ಲ ಅಂದ್ರೆ ನಾನೂ ಬರಲ್ಲ," ಎಂದುಬಿಟ್ಟಿದ್ದಳು ಅಮ್ಮ.

"ನೀನೇ ಮದುಮಗಳು ಕಣಮ್ಮ."

"ಆದ್ರೇನು? ಬರಲ್ಲ ಅಂದ್ರೆ ಬರಲ್ಲ."

ಹಾಗಾಗಿಯೇ ಒಂದೇ ಸೂರಿನಡಿ ಇರುವವರಿಗೂ ಲಕೋಟೆಯಲ್ಲಿ ಹಾಕಿ ಕೊಟ್ಟ ಕಾರ್ಡು ಅದು.

ಅಡುಗೆಮನೆಯಲ್ಲಿ ಕಿವಿ ಇತ್ತಲೇ ಇಟ್ಟುಕೊಂಡಿದ್ದ ಅಮ್ಮ, ಅಜ್ಜಿಯ ಉತ್ತರ ಕೇಳಿಸದೆ, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಅಜ್ಜಿಯ ಭುಜದ ಮೇಲಿಂದ ಬಗ್ಗಿ ನೋಡಿದವಳ ಮುಖ ಬಿಳಿಚಿಕೊಂಡಿತು.

"ಗುಬ್ಬೀ, ಏನೇ ಇದು?"

"ಯಾಕೆ? ಅಕ್ಷರ, ಬಣ್ಣ, ಅಂಚು, ಎಲ್ಲಾ ಎರಡೆರಡು ಸಲ ನೋಡಿದೀನಿ."

"ಅಂಚು ಹಾಳಾಗ್ಲಿ. ನನ್ನ ಪಕ್ಕದಲ್ಲಿ ನಿಂತಿರೋದು ಯಾರು?"

"ಅಪ್ಪ," ಎಂದಳು ಗುಬ್ಬಿ, ಸಲೀಸಾಗಿ. ಎಂದ ಮೇಲೆ ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಅಜ್ಜಿಯ ಕೋಣೆ, ಕಿಟಕಿ, ಹೊಲಿಗೆ ಯಂತ್ರ ಇದ್ದ ಹಾಗೇ ಬರಲೆಂದು ಈಜುಮೇಷ್ಟ್ರ ಫೋಟೊ ಸೇರಿಸಲು ಮರೆತು, ಮನೆಯ ಹಳೆಯ ಫೋಟೊಗಳನ್ನಷ್ಟೇ ಅವಳು ಎಐಗೆ ಕೊಟ್ಟಿದ್ದಳು. ಅವುಗಳಲ್ಲಿ ಅಮ್ಮನ ಪಕ್ಕ ನಿಂತ ಗಂಡಸು ಒಬ್ಬರೇ. ಅದು ಅವರನ್ನೇ ವರನೆಂದು ತಿಳಿದು, ಅಮ್ಮನ ಈಗಿನ ವಯಸ್ಸಿಗೆ ಒಪ್ಪುವಂತೆ ತಲೆ ನರೆಸಿ, ಗಲ್ಲ ತುಂಬಿಸಿ ನಿಲ್ಲಿಸಿತ್ತು. ಗಿರಾಕಿಗಳ ಕಾರ್ಡಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹೆಕ್ಕಿ ತೆಗೆಯುವ ಗುಬ್ಬಿಗೆ, ಅಮ್ಮನ ಪಕ್ಕ ಅಪ್ಪ ನಿಂತದ್ದು ತಪ್ಪೆಂದು ಹೊಳೆದೇ ಇರಲಿಲ್ಲ.

"ಅದಕ್ಕಂತೂ ಬುದ್ಧಿ ಇಲ್ಲ, ನಿನಗೂ ಇಲ್ವಾ?" ಅಮ್ಮನ ದನಿ ಒಡೆಯಿತು.

"ಕೊಡಜ್ಜಿ, ಈಗಲೇ ಸರಿ ಮಾಡಿ ಇನ್ನೊಂದು ತರ್ತೀನಿ," ಗುಬ್ಬಿ ಕೈ ಚಾಚಿದಳು.

ಅಜ್ಜಿ ಕಾರ್ಡು ಬಿಡಲಿಲ್ಲ. ಚಿತ್ರದಲ್ಲಿನ ಮಗನ ಕಿವಿಯ ಮೇಲಿದ್ದ ಬಿಳಿಕೂದಲನ್ನು ಹೆಬ್ಬೆರಳಿನಿಂದ ಸವರಿದರು, ಹಿಂದಕ್ಕೆ ಬಾಚುವವರ ಹಾಗೆ. ಮಗ ಅಷ್ಟು ವಯಸ್ಸು ಕಂಡವನಲ್ಲ.

"ಕಿವಿ ಹತ್ರಾನೇ ಮೊದಲು ನರೆಯೋದು," ಎಂದರು. "ಇವನಪ್ಪನಿಗೂ ಹಾಗೇ."

"ಅತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮ ಮನಸ್ಸು ನೋಯಿಸಬೇಕು ಅಂತ ಅಲ್ಲ. ನಿಮಗೆ ಬೇಡ ಅನ್ಸಿದ್ರೆ ಈಗಲೇ ಹೇಳಿಬಿಡಿ, ಈ ಮದುವೇನೇ..."

"ನೀನು ಸ್ವಲ್ಪ ಸುಮ್ನಿರೇ."

ಅಜ್ಜಿ ಕನ್ನಡಕ ತೆಗೆದರು, ಯಾರದೋ ಕೋಟಿನ ತೋಳಿನಲ್ಲೇ ಒರೆಸಿದರು, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಕೆಳಗಿನ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತ ಕೂಗಿಕೊಳ್ಳುತ್ತಿತ್ತು. ಅದು ನಿಲ್ಲುವವರೆಗೂ ಅವರು ಕಾದರು.

"ಈ ಮದುವೆಗೆ ನಾನು ಹೋಗಿ ಬಂದಾಗಿದೆ," ಎಂದರು. "ಮುಂದಿನ ಸಾಲಲ್ಲೇ ಕೂತಿದ್ದೆ. ಊಟಕ್ಕೆ ಉಪ್ಪು ಕಮ್ಮಿಯಾಗಿತ್ತು."

ನಗಬೇಕೋ ಬೇಡವೋ ತಿಳಿಯದೆ ಗುಬ್ಬಿ ಅಮ್ಮನ ಮುಖ ನೋಡಿದಳು. ಅಮ್ಮ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಳು, ನಗುವುದನ್ನೂ, ಅಳುವುದನ್ನೂ.

ಅಜ್ಜಿ ಯಂತ್ರದ ಡ್ರಾಯರು ಎಳೆದು ಕಾರ್ಡನ್ನು ಒಳಗಿಟ್ಟು ಸೊಸೆಯ ಕಡೆ ತಿರುಗಿದರು.

"ಇದು ನನ್ನ ಹತ್ರ ಇರ್ಲಿ. ನೀನು ಭಾನುವಾರ ಆ ಈಜುಮೇಷ್ಟ್ರನ್ನ ಮನೆಗೆ ಬರಕ್ಕೆ ಹೇಳು. ಗಂಡಿನ ಮುಖಾನೇ ನೋಡದೆ ಹೆಣ್ಣು ಕೊಡ್ತಾರೇನೇ ಯಾರಾದ್ರೂ?"