ಡಾಯ್ಲ್‌ನ ಬೆರಳು

ಕೀಲಿ ತಿರುಗಿಸಿದಾಗಲೆಲ್ಲ ಎಂಜಿನ್ ಮುಲುಕುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಗ್ರೇಡಿ ಪೆಟ್ರೋಲ್ ಕೊಳವೆಯ ರಬ್ಬರ್ ಗುಂಡನ್ನು ಹಿಂಡಿದ, ಬ್ಯಾಟರಿಯ ತಂತಿಗಳನ್ನು ಅಲುಗಾಡಿಸಿದ, ಮತ್ತೆ ಕೀಲಿ ತಿರುಗಿಸಿದ. ಬಾಸ್ ಮೀನು ಹಿಡಿಯುವ ದೋಣಿ ಗಂಟರ್ಸ್‌ವಿಲ್ ಸರೋವರದ ನಡುವೆ ಸುಮ್ಮನೆ ಓಲಾಡುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಭಾವ ಡಾಯ್ಲ್ ಎದೆ ಹಿಡಿದುಕೊಂಡು ಉರುಳಿದಾಗ, ಓಡುತ್ತಿದ್ದ ದೋಣಿಯಲ್ಲೇ ಗ್ರೇಡಿ ಅವನತ್ತ ಹಾರಿದ್ದ. ಎಂಜಿನ್ ನಿಂತದ್ದು ಆಗಲೇ.

"ಹೋದ್ವಾರ ತಾನೆ ಪ್ಲಗ್ ಬದಲಾಯಿಸಿದೀನಿ, ಹತ್ಕೊಳ್ಳೇ ಮಾರಾಯ್ತಿ," ಎಂದು ಎಂಜಿನ್ನನ್ನೇ ಬೇಡಿಕೊಂಡ.

ದೋಣಿಯ ತಳದಲ್ಲಿ ಬಿದ್ದಿದ್ದ ಡಾಯ್ಲ್‌ನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಮಾತು ಹೊರಡಲಿಲ್ಲ. ಬೆರಳೆತ್ತಿ ಗ್ರೇಡಿಯ ಎದೆಯತ್ತ ತೋರಿಸಿದ.

"ಎದೆನೋವು ಅಂತ ಗೊತ್ತು ಭಾವ. ಒಂಚೂರು ತಡ್ಕೋ."

ಬೆರಳು ಇಳಿಯಲಿಲ್ಲ.

"ಅಕ್ಕಂಗೆ ಏನಂತ ಹೇಳ್ಲಿ ನಾನು?" ಗ್ರೇಡಿ ಮತ್ತೆ ಕೀಲಿ ತಿರುಗಿಸಿದ. ಈ ಸಲ ಎಂಜಿನ್ನಿನ ಮುಲುಕೂ ಕುಗ್ಗಿತ್ತು, ಬ್ಯಾಟರಿ ಸೋಲುತ್ತಿತ್ತು.

ಡಾಯ್ಲ್ ಹೇಗೋ ಕೈ ಚಾಚಿ, ಗ್ರೇಡಿಯ ಲೈಫ್ ಜಾಕೆಟ್ಟಿನಿಂದ ನೇತಾಡುತ್ತಿದ್ದ ಕೆಂಪು ದಾರವನ್ನು ಹಿಡಿದು ಜಗ್ಗಿದ. ದೋಣಿ ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು ಸ್ವಿಚ್ಚಿಗೆ ಸಿಕ್ಕಿಸುವ ದಾರ ಅದು. ಗ್ರೇಡಿ ಹಾರಿದಾಗ ಅದರ ತುದಿ ಕಳಚಿಕೊಂಡಿತ್ತು.

ಗ್ರೇಡಿ ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು.

"ಪೆದ್ದ," ಎಂದಿತು ಡಾಯ್ಲ್‌ನ ತುಟಿ.