ಶಟರಿನ ಮೇಲಿನ ಬಸ್ಸು

ಗಂಗಾ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಓಣಿಗೆ ಬಂದಾಗ ಬಸಲಿಂಗಪ್ಪನ ಕಿರಾಣಿ ಅಂಗಡಿಯ ಶಟರು ಇಳಿದಿತ್ತು. ಅದರ ಮುಂದೆ ಹದಿನೈದು ಜನ ಕೈಕಟ್ಟಿ ನಿಂತಿದ್ದರು. ಗಂಡಸರು ಟೊಪ್ಪಿಗೆ ತೆಗೆದಿದ್ದರು. ಯಾರೋ ಚೆಂಡುಹೂವಿನ ಹಾರ ತಂದಿದ್ದರು. ಬೀಗದ ಕೊಂಡಿ ಖಾಲಿಯಿದ್ದುದರಿಂದ ಅದನ್ನು ಕಟ್ಟಲು ಅನುಕೂಲವಾಗಿತ್ತು.

"ಏನಾತೋ ಅಣ್ಣಾ?" ಎಂದು ಅವಳು ಚಹಾದಂಗಡಿಯ ಲಗಮಣ್ಣನನ್ನು ಕೇಳಿದಳು.

"ಇನ್ನೇನ ಆಗಬೇಕು ತಂಗಿ? ಅಂಗಡಿ ಮುಚ್ಚೇತಿ, ಕಾಣವಲ್ದೇನು?"

ಯರಗಟ್ಟಿಯ ಆ ಓಣಿಯಲ್ಲಿ ಅಷ್ಟು ಹೇಳಿದರೆ ಸಾಕಿತ್ತು. ಮಂಗಳವಾರ ಓಣಿಗೆಲ್ಲ ರಜೆ. ಬಸಲಿಂಗಪ್ಪನ ಅಂಗಡಿ ಮಾತ್ರ ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಹಗಲೂ ಮುಚ್ಚಿರಲಿಲ್ಲ. ಮಗಳ ಮದುವೆಯ ದಿನವೂ ಅವನು ಅಕ್ಷತೆ ಹಾಕಿ ನೇರ ಬಂದು ಸಕ್ಕರೆ ತೂಗಿದ್ದ.

ನಸುಕಿನಲ್ಲಿ ಆಂಬುಲೆನ್ಸೊಂದು ಬೆಳಗಾವಿ ಕಡೆ ಹೋದದ್ದನ್ನು ಲಗಮಣ್ಣ ಕಂಡಿದ್ದ. ಒಳಗೆ ಯಾರಿದ್ದರೆಂದು ಕಂಡಿರಲಿಲ್ಲ. ಎಂಟೂವರೆಯ ಹೊತ್ತಿಗೆ ಓಣಿಯ ಬಾಯಲ್ಲಿ ಅದು ಬಸಲಿಂಗಪ್ಪನ ಎದೆನೋವಾಯಿತು. ಒಂಬತ್ತಕ್ಕೆ ಎಲ್ಲ ಮುಗಿದೇ ಹೋಯಿತು. ಅವನ ಫೋನು ಬಂದ್ ಆಗಿತ್ತು. ಹೆಂಡತಿ ಸುಂದರವ್ವ ತವರಿಗೆ ಹೋಗಿದ್ದಳು. ಮುರಗೋಡದ ಅವನ ಮನೆಗೆ ಬೀಗ ಬಿದ್ದಿತ್ತು.

ಗಂಗಾ ಗೋಡೆಗೆ ಒರಗಿ ನಿಂತಳು. ಹೋದ ವಾರ ಅವನಿಗೆ ಗೋಗರೆದದ್ದು ನೆನಪಾಯಿತು.

ಓಣಿಯ ವ್ಯಾಪಾರಸ್ಥರು ಸೇರಿ ಸುತ್ತಲಿನ ಚಿತ್ರಕಾರರಿಗೆ ತಮ್ಮ ಶಟರುಗಳನ್ನು ಬಿಟ್ಟುಕೊಟ್ಟಿದ್ದರು. ರಜೆಯ ದಿನ ಶಟರುಗಳು ಇಳಿದಿರುತ್ತವೆ, ಓಣಿಯೇ ಚಿತ್ರಶಾಲೆ. ಸವದತ್ತಿ, ಬೈಲಹೊಂಗಲ, ರಾಮದುರ್ಗದಿಂದ ಜನ ಬಂದಿದ್ದರು. ಚೀಟಿ ಎತ್ತಿದಾಗ ಗಂಗಾಳಿಗೆ ಬಂದದ್ದು ಬಸಲಿಂಗಪ್ಪನ ಶಟರು. ಎಲ್ಲರೂ ನಕ್ಕಿದ್ದರು.

ಬ್ಲೌಸು ಹೊಲಿದು ಬದುಕುವ ಹೆಂಗಸು. ಅವಳ ಚಿತ್ರವನ್ನು ಮನೆಯವರ ಹೊರತು ಯಾರೂ ನೋಡಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಬಲ್ಬು ಹಚ್ಚಿಕೊಂಡು ಹನ್ನೊಂದು ರಾತ್ರಿ ಬಿಡಿಸಿದ್ದಳು: ಕಿಕ್ಕಿರಿದ ಒಂದು ಬಸ್ಸು, ಕಿಟಕಿಯಿಂದ ಬುಟ್ಟಿ ಒಳಗೆ ತೂರಿಸುವ ಹೆಂಗಸರು. ಬೆಳಗಿನ ಆರಕ್ಕೆ ಬಸಲಿಂಗಪ್ಪ ಶಟರು ಎತ್ತುತ್ತಿದ್ದ. ಬಸ್ಸು ಸುರುಳಿಯಾಗಿ ಮೇಲೆ ಹೋಗುತ್ತಿತ್ತು. ಬಣ್ಣ ಏಳಬಾರದೆಂದು ಮೆಲ್ಲಗೆ ಎತ್ತುತ್ತಿದ್ದ, ಅಷ್ಟು ಮಾತ್ರ ನಿಜ.

ಇಂದು ಹತ್ತಕ್ಕೆ ಅವಳ ಶಟರಿಗೆ ಪರೀಕ್ಷಕರು ಬರುವವರಿದ್ದರು. ಅವರು ನೋಡಿ ಒಪ್ಪಿದ ಚಿತ್ರಗಳು ಉಳಿಯುತ್ತವೆ. ಉಳಿದವುಗಳ ಮೇಲೆ ನಾಳೆ ಬೂದುಬಣ್ಣ.

"ಒಂದ ತಾಸು ಶಟರ ಇಳಿಸ್ರಿ ಕಾಕಾ," ಎಂದಿದ್ದಳು.

"ನನ್ನ ಅಂಗಡಿ ಹಗಲಿ ಮುಚ್ಚೂದು ಒಂದ ದಿನ, ಗಂಗವ್ವಾ. ಅವತ್ತ ನಾ ಇರೂದಿಲ್ಲ."

"ಹಂಗಾರ ನನ್ನ ಬಸ್ಸು ಯಾರ ನೋಡಬೇಕ್ರಿ?"

ಅವನು ತೊಗರಿಬೇಳೆ ತೂಗತೊಡಗಿದ್ದ.

ಈಗ ಬಸ್ಸನ್ನು ಇಡೀ ಓಣಿ ನೋಡುತ್ತಿತ್ತು. ಅವಳಿಗೆ ಅದರ ಕಡೆ ಕಣ್ಣೆತ್ತಲು ಆಗಲಿಲ್ಲ.

"ದೇವರಂಥಾ ಮನುಷ್ಯಾ," ಎಂದು ಕಾಯಿಪಲ್ಲೆ ಮಾರುವ ಬಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದ ದಿನಾ ಇಲ್ಲ ಅನ್ನಲಿಲ್ಲ."

"ದೇವರಂಥಾವ ಖರೇ," ಎಂದ ಲಗಮಣ್ಣ. "ತೂಗೂ ಮುಂದ ಮಾತ್ರ ತಕ್ಕಡಿಗೆ ಒಂದೀಟು ಬೆರಳ ಹಚ್ಚತಿದ್ದ."

ಶಟರಿನ ಆಚೆ ಡಬ್ಬಿಯೊಂದು ದಡಲ್ಲನೆ ಉರುಳಿತು.

"ಇಲಿ," ಎಂದ ಲಗಮಣ್ಣ. "ಮಾಲಕ ಹ್ವಾದ ಮ್ಯಾಲೆ ಅವಕ್ಕ ಯಾರ ಅಂಜಿಕಿ?"

"ಸತ್ತವರ ಮ್ಯಾಲೆ ಹಂಗ ಆಡಬಾರದೋ, ನಿನ್ನ ನಾಲಿಗಿಗಿಷ್ಟು!" ಎಂದು ಬಾಯವ್ವ ಗದರಿದಳು. ಆಮೇಲೆ ದನಿ ತಗ್ಗಿಸಿ, "ಬೆಲ್ಲದಾಗ ಕಲ್ಲ ಇರ್ತಿದ್ದೂ, ಅದು ಬ್ಯಾರೆ ಮಾತು," ಎಂದಳು.

ಹತ್ತಕ್ಕೆ ಸರಿಯಾಗಿ ಪರೀಕ್ಷಕಿ ಸುಚೇತಾಬಾಯಿ ಬಂದರು. ಧಾರವಾಡದವರು, ಕೈಯಲ್ಲಿ ವಹಿ. ಬೆಳಗಿನಿಂದ ಹದಿನೆಂಟು ಶಟರು ನೋಡಿ ಬಂದಿದ್ದರು. ಯಾವುದರ ಮುಂದೆಯೂ ನಾಯಿ ಸಹ ನಿಂತಿರಲಿಲ್ಲ. ಇಲ್ಲಿ ಜನ ಟೊಪ್ಪಿಗೆ ತೆಗೆದು ನಿಂತಿದ್ದರು, ಹೆಂಗಸರು ಅಳುತ್ತಿದ್ದರು, ಚಿತ್ರಕ್ಕೆ ಹಾರ ಬಿದ್ದಿತ್ತು. ಅವರು ಚಪ್ಪಲಿ ಕಳಚಿ ಮುಂದೆ ಬಂದರು. ಬಹಳ ಹೊತ್ತು ನೋಡಿದರು.

"ಈ ಬಸ್ಸು ಯಾವ ಊರಿಗೆ ಹೊಂಟದರೀ, ಅಜ್ಜಿ?"

"ಅದಕ್ಕ ಊರ ಎಲ್ಲಿಂದ ಬರಬೇಕ್ರೆವ್ವಾ?" ಎಂದು ಬಾಯವ್ವ ಬಿಕ್ಕಿದಳು. "ಹ್ವಾದವರು ಹೊಳ್ಳಿ ಬರೂದಿಲ್ಲ."

ಸುಚೇತಾಬಾಯಿ ಅದನ್ನು ವಹಿಯಲ್ಲಿ ಬರೆದುಕೊಂಡರು. "ಬಿಡಿಸಿದವರು ಯಾರು?"

ಗಂಗಾ ಮುಂದೆ ಬಂದಳು. ಇವರು ಅಳುತ್ತಿರುವುದು ಬಸ್ಸಿಗಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ನಾಳೆ ಬೂದುಬಣ್ಣ. ಆದರೂ ಹೇಳಿದಳು.

"ಬಾಯಾರ, ಇವರು ನನ್ನ ಚಿತ್ರಕ್ಕ ಅಳಾಕ ಹತ್ತಿಲ್ರಿ. ಈ ಅಂಗಡಿ ಕಾಕಾ ತೀರಿಕೊಂಡಾರ್ರಿ."

ಸುಚೇತಾಬಾಯಿ ಜನರನ್ನು ನೋಡಿದರು, ಬಸ್ಸನ್ನು ನೋಡಿದರು. "ಅವರು ಯಾತಕ್ಕ ಅಳತಾರ ಅನ್ನೋದು ನನಗ ಬೇಕಾಗಿಲ್ಲ," ಎಂದರು. "ನಾನೂ ಇಂಥಾ ಬಸ್ಸಿನ್ಯಾಗ ಕಿಟಕಿಲೇ ಒಳಗ ಬಿದ್ದಾಕಿ. ಇದು ಇರಲಿ." ವಹಿಯಲ್ಲಿ ಗುರುತು ಹಾಕಿ ಮುಂದಿನ ಶಟರಿಗೆ ನಡೆದರು.

ಲಗಮಣ್ಣ ಟೆಂಪೋ ಕರೆಸಿದ. ಹೆಣ ಮನೆಗೇ ಬರುತ್ತದೆ, ಮಣ್ಣಿಗೆ ಹೊತ್ತಾಗಬಾರದೆಂದು ಜನರೆಲ್ಲ ಹತ್ತಿ ಮುರಗೋಡಕ್ಕೆ ಹೊರಟರು. ಓಣಿ ಖಾಲಿಯಾಯಿತು.

ಗಂಗಾ ಒಬ್ಬಳೇ ಉಳಿದಳು. ಶಟರಿಗೆ ಹಣೆ ಹಚ್ಚಿದಳು. "ತಪ್ಪಾತ್ರಿ ಕಾಕಾ," ಎಂದಳು. "ಒಂದ ತಾಸಿನ ಸಲುವಾಗಿ ನಾ ನಿಮ್ಮನ್ನ ಅಷ್ಟ ಕಾಡಬಾರದಾಗಿತ್ತು."

ಒಳಗಿನಿಂದ ಯಾರೋ ತಗಡಿಗೆ ಎರಡು ಸಲ ಮೆಲ್ಲಗೆ ಬಡಿದರು.

"ಆ ಬಾಯಾರು ಹ್ವಾದ್ರೇನ, ಗಂಗವ್ವಾ? ಇನ್ನ ಎತ್ತಲೇನು?"